ಬಯೋಡಾಟಾಗಳು ಮತ್ತು ನನ್ನ ಬಿ.ಪಿ.

ಇವತ್ತು ಏನೇ ಆಗಲಿ ಸಿಟ್ಟಾಗುವುದಿಲ್ಲ ಎಂದು ನಿರ್ಧಾರ ಮಾಡಿ ಮನೆಯಿಂದ ಹೊರಟ ದಿನವೇ ನನಗೆ ಇಂಥವು ಎದುರಾಗುತ್ತವೆ. ಡಾಕ್ಟರು, "ಟೆನ್ಶನ್ ತಗೋಬ್ಯಾಡ್ರಿ ಮೇಡಂ" ಎಂದು ಬಿ.ಪಿ. ಗುಳಿಗೆ ಬರೆದುಕೊಟ್ಟಿದ್ದಾರೆ. ಟೆನ್ಶನ್ ನಾನಾಗಿ ತಗೊಳ್ಳುವುದಿಲ್ಲ. ನಮ್ಮ ಫೈನಲ್ ಇಯರ್ ಹುಡುಗರು ಅದನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಕೊಂಡು ಸ್ಟಾಫ್ ರೂಮಿಗೇ ತಂದುಕೊಡುತ್ತಾರೆ.

ನಾನು ಗೋಕಾಕಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಒಂದು ದಿನ ಪ್ರಿನ್ಸಿಪಾಲರು ಕರೆದು, "ಮೇಡಂ, ಪ್ಲೇಸ್‌ಮೆಂಟ್ ಸೆಲ್ ಇನ್ನ ಮುಂದ ನೀವ ನೋಡ್ಕೊಳ್ರಿ. ಏನೂ ಕೆಲಸ ಇರೂದಿಲ್ಲ" ಎಂದರು. ಏನೂ ಕೆಲಸ ಇಲ್ಲದ ಕಡೆ ಮನುಷ್ಯರು ಯಾಕೆ ಬೇಕು ಎಂದು ಕೇಳುವ ಬುದ್ಧಿ ಆಗ ನನಗೆ ಬರಲಿಲ್ಲ.

ಹತ್ತರಗಿ ಹತ್ತಿರ ಹೈವೇ ಬಾಜೂ ಮಷಿನ್ನಿನ ಬಿಡಿಭಾಗ ಮಾಡುವ ಕಂಪನಿಯೊಂದಿದೆ. ತಿಂಗಳ ಮೊದಲ ವಾರಕ್ಕೆ ಪಗಾರ ಹಾಕುತ್ತದೆ, ಅದಕ್ಕೇ ನಮ್ಮ ಹುಡುಗರಿಗೆ ಅದರ ಮೇಲೆ ಕಣ್ಣು. ಅಲ್ಲಿನ ಎಚ್.ಆರ್. ಸಾಹೇಬರು ಹುಕ್ಕೇರಿಯವರು. ಈ ವರ್ಷ ಅವರು ಫೋನ್ ಮಾಡಿದವರೇ ಶುರು ಹಚ್ಚಿದರು. "ಮೇಡಂ, ಅಕೌಂಟ್ಸ್‌ದಾಗ ಒಂದ ಜಾಗಾ ಖಾಲಿ ಐತಿ. ಹೋದ ವರ್ಷ ನೀವು ಕಳಿಸಿದ ಬಯೋಡಾಟಾ ನೋಡಿ ಒಬ್ಬರನ್ನೂ ಇಂಟರ್‌ವ್ಯೂಕ್ಕ ಕರಿಯಾಕ ಮನಸ್ಸಾಗಲಿಲ್ರಿ. ಈ ಸಲಾನೂ ಹಂಗ ಆತಂದ್ರ ಮುಂದ ನಿಮ್ಮ ಕಾಲೇಜಿಗೆ ಕೇಳೂದಿಲ್ಲ ನೋಡ್ರಿ."

ಆ ಜಾಗ ಯಾರಿಗೆ ಸಿಗಬೇಕೆಂಬುದು ನನಗೆ ಆಗಲೇ ಗೊತ್ತಿತ್ತು. ಕೌಜಲಗಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಇದ್ದಳು. ನಾನು ಬೋರ್ಡಿನ ಮೇಲೆ ಕೂಡಿಸಿದ್ದು ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಡುತ್ತಿದ್ದಳು. ಮನೆಯಲ್ಲಿ ಅವಳ ಲಗ್ನದ ಮಾತು ನಡೆದಿತ್ತು. ಅವಳಿಗೆ ನೌಕರಿ ಬೇಕಿತ್ತು. ಅವರಪ್ಪ ಕಡೆಗೆ ಒಂದು ತೀರ್ಮಾನ ಹೇಳಿದ್ದರು: "ಇಂಟರ್‌ವ್ಯೂಕ್ಕ ಕರದ್ರ ಹೋಗು, ಲಗ್ನ ಮುಂದ ಹಾಕೂಣು. ಕರೀಲಿಲ್ಲಂದ್ರ ನೋಡಾಕ ಬರೂ ಹುಡುಗಗ ಹೂಂ ಅನಬೇಕು."

ಒಂದು ಕರೆ ಬಂದರೆ ಸಾಕಿತ್ತು. ಆದರೆ ಎಲ್ಲರ ಬಯೋಡಾಟಾ ಒಂದೇ ಕಟ್ಟಿನಲ್ಲಿ ಹೋಗಬೇಕು. ಮೇಲಿನ ನಾಲ್ಕು ಓದಿಯೇ ಸಾಹೇಬರ ತಲೆ ಕೆಟ್ಟರೆ ಐದನೆಯದನ್ನು ಯಾರು ತೆರೆಯುತ್ತಾರೆ? ಹಾಗಾಗಿ ಎಲ್ಲರದ್ದೂ ತಿದ್ದಲು ಕೂತೆ.

ಕುದುರೆ ಸವಾರಿ

ಮೊದಲನೆಯ ಹುಡುಗನ ಹವ್ಯಾಸ: ಈಜು, ಪುಸ್ತಕ ಓದುವುದು, ಕುದುರೆ ಸವಾರಿ. ಇರಲಿ ಅಂದುಕೊಂಡೆ. ಎರಡನೆಯವನದೂ ಕುದುರೆ ಸವಾರಿ. ಮೂರನೆಯವಳು ಗೋಕಾಕ ಫಾಲ್ಸಿನ ಹುಡುಗಿ, ಎಮ್ಮೆ ಕಂಡರೆ ರಸ್ತೆ ದಾಟುವವಳು, ಅವಳದೂ ಕುದುರೆ ಸವಾರಿ. ಕಟ್ಟು ಮುಗಿಯುವ ಹೊತ್ತಿಗೆ ನಮ್ಮ ಕಾಲೇಜು ಹಳೆಯ ಕಾಲದ ದಂಡಿನಂತೆ ಕಾಣತೊಡಗಿತು.

ಒಬ್ಬನನ್ನು ಹಿಡಿದು ಕೇಳಿದೆ. "ತಮ್ಮಾ, ಎಲ್ಲಿ ಕುದರಿ ಹತ್ತಿದ್ಯೋ?"

"ನಮ್ಮಣ್ಣನ ಲಗ್ನದಾಗ್ರಿ ಮೇಡಂ. ಅಂವ ಇಳದ ಮ್ಯಾಲೆ ಫೋಟೋಕ್ಕಂತ ನನ್ನೂ ಕುಂಡ್ರಿಸಿದ್ರು."

"ಎಷ್ಟು ದೂರ ಹೋಗಿದ್ದಿ?"

"ಹೋಗಲಿಲ್ರಿ. ಕುದರಿ ನಿಂತಿತ್ತು."

"ಪುಸ್ತಕ ಓದೂದು ಅಂತ ಬರದಿ. ಅದಾದ್ರೂ ಖರೆ ಏನೋ?"

"ಓದ್ತೇನ್ರಿ."

"ಏನ್ ಓದ್ತಿ?"

"ಎಲ್ಲಾರ ಸ್ಟೇಟಸ್ ಓದ್ತೇನ್ರಿ."

ವಿಚಾರಿಸಿದರೆ ಎಲ್ಲರದ್ದೂ ಬಸ್‌ಸ್ಟ್ಯಾಂಡ್ ಎದುರಿನ ಒಂದೇ ಝೆರಾಕ್ಸ್ ಅಂಗಡಿಯಲ್ಲಿ ತಯಾರಾದದ್ದು. ಕೊಡೆ ಹಿಡಿದುಕೊಂಡು ನಾನೇ ಅಲ್ಲಿಗೆ ಹೋದೆ. ಜಗಳಕ್ಕೆಂದೇ ಹೋದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯವ ಮಾತ್ರ ತಣ್ಣಗಿದ್ದ. "ನನ್ನ ಕಡೆ ಇರೂದ ಒಂದ ಬಯೋಡಾಟಾ ರಿ ಮೇಡಂ. ಹೆಸರು, ಫೋಟೋ ಬದಲಿ ಮಾಡಿ ಕೊಡ್ತೇನಿ."

"ಹವ್ಯಾಸಾನೂ ಬದಲಿ ಮಾಡಬೇಕಪ್ಪಾ!"

"ಹವ್ಯಾಸ ಬದಲಿ ಆಗಬೇಕಂದ್ರ ಮೊದಲ ಹುಡುಗರ ಬದಲಿ ಆಗಬೇಕಲ್ರಿ" ಎಂದ.

ಶುಭ ಕೋರುವವರು

ಹುಕ್ಕೇರಿ ಕಡೆಯ ಒಬ್ಬ ಹುಡುಗ ಆ ಅಂಗಡಿಗೆ ಹೋಗಿರಲಿಲ್ಲ. "ನಂದು ಬ್ಯಾರೆದವರಂಗ ಇಲ್ರಿ ಮೇಡಂ, ಫುಲ್ ಕಲರ್ ಐತಿ" ಎಂದು ಸುರುಳಿಯೊಂದನ್ನು ಬಿಚ್ಚಿದ. ಹುಟ್ಟುಹಬ್ಬದ ಬ್ಯಾನರ್ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ ಅವನ ಬಯೋಡಾಟಾ ತಯಾರಾಗಿತ್ತು, ಅದೂ ಕಾಗದದ ಮೇಲಲ್ಲ, ಫ್ಲೆಕ್ಸಿನ ಮೇಲೆ. ನಡುವೆ ಕಪ್ಪು ಕನ್ನಡಕ ಹಾಕಿ ಕೈಮುಗಿದು ನಿಂತಿದ್ದಾನೆ. ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಒಂದು ಮೂಲೆಯಲ್ಲಿ, ನಾಚಿಕೊಂಡಂತೆ, ಬಿ.ಕಾಂ. ಮಾರ್ಕ್ಸು. ಕೆಳಗೆ ಎರಡು ಸಾಲು ಗುಂಡಗಿನ ಮುಖಗಳು.

"ಇವರ್ಯಾರೋ?"

"ರೆಫರೆನ್ಸ್ ರಿ. ಇಬ್ಬರದು ಹಾಕ್ರಿ ಅಂದಿದ್ರಲ್ಲ, ನಿಮ್ಮ ಬಗ್ಗೆ ಛೊಲೊ ಹೇಳವರದು."

"ಇಬ್ಬರು ಅಂದಿದ್ದೆ! ಇದು ಇಡೀ ಓಣಿ ಐತಿ."

"ಇಬ್ಬರದ ಹಾಕಿದ್ರ ಉಳಿದವರು ಸಿಟ್ಟಾಗ್ತಾರ್ರಿ ಮೇಡಂ. ನಾಳೆ ಅವರ ಹುಟ್ಟುಹಬ್ಬದ ಬ್ಯಾನರ್‌ದಾಗ ನನ್ನ ಫೋಟೋ ಹಾಕೂದಿಲ್ಲ." ನನ್ನ ಮುಖ ನೋಡಿ ಮತ್ತೊಂದು ಗುಣ ಹೇಳಿದ: "ಮಳ್ಯಾಗ ತೋದ್ರೂ ಏನೂ ಆಗೂದಿಲ್ರಿ ಇದಕ್ಕ."

ತಲೆ ಹಿಡಿದುಕೊಂಡು ನೋಡುತ್ತಿದ್ದೆ. ಎರಡನೆಯ ಸಾಲಿನ ತುದಿಯ ಮುಖ ಎಲ್ಲೋ ನೋಡಿದ್ದು ಅನ್ನಿಸಿತು. ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮ ಪ್ರಿನ್ಸಿಪಾಲರು!

ಫ್ಲೆಕ್ಸು ಹಿಡಿದುಕೊಂಡು ಸೀದಾ ಅವರ ಕೋಣೆಗೆ ಹೋದೆ. "ಸರ್, ಏನ್ರಿ ಇದು?"

ಅವರು ಅದನ್ನು ಬೆಳಕಿಗೆ ಹಿಡಿದು, ಕತ್ತು ಸೊಟ್ಟ ಮಾಡಿ ಬಹಳ ಹೊತ್ತು ನೋಡಿದರು. "ಹುಡುಗ ಪ್ರೀತಿಯಿಂದ ಕೇಳಿದಾ, ಇಲ್ಲ ಅನ್ನಾಕ ಆಗಲಿಲ್ರಿ ಮೇಡಂ. ಅದಿರಲಿ, ಅಂವನ ಬಾಜೂಕ ಹಾಕೂದು ಬಿಟ್ಟು ನನ್ನ ತುದೀಗ್ಯಾಕ ಹಾಕ್ಯಾನು?"

ಅನುಭವ

ಮೂಡಲಗಿಯ ಹುಡುಗನೊಬ್ಬ ತಂದೆಯನ್ನೇ ಕರೆದುಕೊಂಡು ಬಂದ. ತಂದೆಯದು ಕಿರಾಣಿ ಅಂಗಡಿ. ಮಗನ ವಯಸ್ಸು ಇಪ್ಪತ್ತೊಂದು. ಅನುಭವದ ಕಡೆ ಬರೆದದ್ದು: ಹದಿನಾಲ್ಕು ವರ್ಷ.

"ಇದೇನ್ರಿ?" ಎಂದೆ.

"ಖರೆ ಐತ್ರಿ ಅಕ್ಕಾರ" ಎಂದರು ತಂದೆ. "ಏಳನೇ ವರ್ಷಕ್ಕ ಗಲ್ಲಾದ ಮ್ಯಾಲೆ ಕುಂತಾನ. ತಕ್ಕಡಿ ಕೈಗೆ ಸಿಗತಿದ್ದಿಲ್ಲ, ಎಣ್ಣಿ ಡಬ್ಬಿ ಮ್ಯಾಲೆ ನಿಂದರತಿದ್ದ."

ಕಂಪನಿಯವರು ಇದನ್ನು ಓದಿದರೆ ಬಾಲಕಾರ್ಮಿಕರ ಇಲಾಖೆಗೆ ಫೋನ್ ಮಾಡುತ್ತಾರೆ ಎಂದು ಹೇಳಿ, ಏಳು ವರ್ಷದ ಮಗುವನ್ನು ಡಬ್ಬಿಯ ಮೇಲಿಂದ ಇಳಿಸುವಷ್ಟರಲ್ಲಿ ಒಂದು ಪಿರಿಯಡ್ ಮುಗಿಯಿತು. ಆಮೇಲೆ ನನ್ನ ಕಣ್ಣು 'ಹಿಂದಿನ ಕೆಲಸ ಬಿಟ್ಟ ಕಾರಣ' ಎಂಬಲ್ಲಿಗೆ ಹೋಯಿತು. ಮಗ ಇಂಗ್ಲಿಷಿನಲ್ಲಿ ಏನೋ ಬರೆದಿದ್ದ. "ಏನ್ ಬರದಾನ್ರಿ ಅಲ್ಲಿ?" ಎಂದು ತಂದೆ ಕೇಳಿದರು. ಹುಡುಗ ನನಗೆ ಕಣ್ಣಲ್ಲೇ ಬೇಡ ಬೇಡ ಅಂದ. ನನಗೆ ಅಷ್ಟು ಹೊತ್ತಿಗೆ ದಯೆ ಎಲ್ಲ ಖರ್ಚಾಗಿ ಹೋಗಿತ್ತು. ಕನ್ನಡದಲ್ಲಿ ಓದಿ ಹೇಳಿದೆ. "ಅಲ್ಲಿ ಬೆಳವಣಿಗೆಗೆ ಅವಕಾಶ ಇರಲಿಲ್ಲ ಅಂತ."

"ಬೆಳವಣಿಗಿ ಇರಲಿಲ್ಲ?" ತಂದೆ ಎದ್ದೇ ನಿಂತರು. "ಡಬ್ಬಿ ಮ್ಯಾಲೆ ನಿಂದರತಿದ್ದ ಮಗಾ ಈಗ ನನ್ನ ತಲಿ ಮ್ಯಾಲೆ ನಿಂತಿ, ಇನ್ನೆಷ್ಟ ಬೆಳೀತಿಯೋ?"

ಆಮೇಲೆ ನನ್ನ ಕಡೆ ತಿರುಗಿದರು. "ಅದನ್ನ ಹೊಡದ ಹಾಕ್ರಿ ಅಕ್ಕಾರ. ಇಂವ ಬಿಟ್ಟಿಲ್ಲ, ಮಾಲಕ ತಗದ ಹಾಕ್ಯಾನ ಅಂತ ಬರೀರಿ. ಸಹಿ ಬೇಕಂದ್ರ ಈಗ ಮಾಡ್ತೇನಿ."

ಒಂದೂವರೆ ಸಾಲು

ಇವರೆಲ್ಲ ಇಲ್ಲದ್ದನ್ನು ಬರೆದರೆ, ಕೌಜಲಗಿಯ ಹುಡುಗಿ ಇದ್ದದ್ದನ್ನೂ ಬರೆದಿರಲಿಲ್ಲ. ಹೆಸರು, ಊರು, ಬಿ.ಕಾಂ. ಮಾರ್ಕ್ಸು. ಒಂದೂವರೆ ಸಾಲಿಗೆ ಮುಗಿದಿತ್ತು. ಉಳಿದ ಹಾಳೆ ಬಿಳಿಯದು.

"ಇದಕ್ಕ ಯಾರವಾ ಇಂಟರ್‌ವ್ಯೂಕ್ಕ ಕರೀತಾರು?"

"ನಂದೇನ ಐತ್ರಿ ಮೇಡಂ ಬರಿಯಾಕ?"

"ಕಾಲೇಜಿಗೆ ಬರೂಕಿಂತ ಮೊದಲ ಮುಂಜಾನೆ ಏನ್ ಮಾಡ್ತಿ?"

"ಹಾಲಿನ ಡೇರಿಗೆ ಹೋಗ್ತೇನ್ರಿ."

"ಹಾಲು ಹಾಕಾಕ?"

"ಇಲ್ರಿ, ತಗೊಳ್ಳಾಕ."

ಬಾವಿಯಿಂದ ಕೊಡ ಎಳೆದಂತೆ ಒಂದೊಂದೇ ಮಾತು ಎಳೆದೆ. ಊರಿನ ಡೇರಿಯಲ್ಲಿ ಹಾಲಿನ ಕೊಬ್ಬು ನೋಡುವವಳು ಅವಳು. ಅದನ್ನು ಕಂಪ್ಯೂಟರಿಗೆ ಹಾಕುವವಳು ಅವಳು. ವಾರದ ಬಟವಡೆಯ ಲೆಕ್ಕ ತೆಗೆಯುವವಳೂ ಅವಳೇ. ನೀರು ಬೆರೆಸಿದ ಹಾಲನ್ನು ತಂದವರು ಯಾರೇ ಇರಲಿ, ವಾಪಸ್ ಕಳಿಸುತ್ತಾಳೆ.

"ಜಗಳಾ ಆಗೂದಿಲ್ಲೇನ?"

"ದಿನಾ ಆಗ್ತೈತ್ರಿ."

"ಹುಚ್ಚಿ, ಇಷ್ಟೆಲ್ಲಾ ಮಾಡ್ತಿ, ಇದನ್ಯಾಕ ಬರೀಲಿಲ್ಲ?" ನನ್ನ ದನಿ ಪಕ್ಕದ ಕ್ಲಾಸಿಗೂ ಕೇಳಿಸಿರಬೇಕು.

ಅವಳು ನಿಜವಾಗಿಯೂ ಗೊಂದಲದಿಂದ ನನ್ನನ್ನು ನೋಡಿದಳು. "ಅದು ಕೆಲಸ ಅಲ್ಲಲ್ರಿ ಮೇಡಂ. ಅದು ದಿನಾ ಮಾಡೂದು."

ಛೊಲೊ ಹೇಳುವವರು

ಎಲ್ಲವನ್ನೂ ಬರೆದು ಒಂದು ಪುಟ ತುಂಬಿಸಿದೆ. ರೆಫರೆನ್ಸಿಗೆ ಒಂದು ನನ್ನ ಹೆಸರು, ಇನ್ನೊಂದು ಡೇರಿ ಸೆಕ್ರೆಟರಿಯವರದು. ಅವಳು ಅವರಿಗೆ ಕಾಕಾ ಅನ್ನುತ್ತಾಳೆ, ಅವಳನ್ನು ಎತ್ತಿ ಆಡಿಸಿದವರು. ಕಟ್ಟು ಹತ್ತರಗಿಗೆ ಹೋಯಿತು. ನಾನು ನಿರಾಳವಾಗಿ ಉಸಿರು ಬಿಟ್ಟೆ.

ಶುಕ್ರವಾರ ಎಚ್.ಆರ್. ಸಾಹೇಬರ ಫೋನು. ದನಿಯೇ ಸರಿ ಇರಲಿಲ್ಲ. "ಮೇಡಂ, ಈ ಒಂದ ಬಯೋಡಾಟಾ ನೋಡಿ ಖುಷಿ ಆಗಿತ್ರಿ. ಇದೂ ಸುಳ್ಳ ಆತಲ್ರಿ?"

"ಯಾಕ್ರಿ?"

"ಹುಡುಗಿ ಡೇರಿ ಲೆಕ್ಕ ಎಲ್ಲಾ ನೋಡ್ತಾಳ ಅಂತ ಬರದೀರಿ. ಸೆಕ್ರೆಟರಿಗೆ ಫೋನ್ ಹಚ್ಚಿ ಕೇಳಿದ್ರ, 'ಇಲ್ರಿ ಇಲ್ರಿ, ಆಕಿ ರೊಕ್ಕಾ ಮುಟ್ಟಿದಾಕೀನ ಅಲ್ಲ' ಅಂದ್ರು. ಕಂಪ್ಯೂಟರ್ ಬರ್ತೈತೇನ್ರಿ ಅಂದೆ. 'ಛೇ ಛೇ, ಅಂಥಾ ಚಟಾ ಏನೂ ಇಲ್ರಿ' ಅಂದ್ರು. ನಾಕ ಮಂದಿ ಕೂಡ ಮಾತಾಡ್ತಾಳೇನ್ರಿ ಅಂದೆ. 'ತಲಿ ಎತ್ತಿ ನೋಡೂದಿಲ್ರಿ, ಬಾಯಾಗ ನಾಲಿಗಿ ಐತೋ ಇಲ್ಲೋ ಅನಬೇಕು' ಅಂದ್ರು. ಕಡೀಕ ತಾವ ಹೇಳಿದ್ರು, ರೊಟ್ಟಿ ಮಾತ್ರ ಭಾಳ ತೆಳ್ಳಗ ಬಡೀತಾಳಂತ. ನಾವು ಅಕೌಂಟ್ಸ್‌ಗೆ ತಗೊಳ್ಳಾಕತ್ತೇವಿ ಮೇಡಂ, ಖಾನಾವಳಿಗಲ್ಲ!"

ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದಳು. ಸೋಮವಾರ ಅವಳನ್ನು ನೋಡಲು ಬರುವವರಿದ್ದರು. ನಾನು ಕಾಕಾಗೆ ಫೋನ್ ಹಚ್ಚಿದೆ.

"ಕಾಕಾ, ಕಂಪನಿಯವರಿಗೆ ಏನ್ ಹೇಳಿದ್ರಿ?"

"ಎಷ್ಟು ಛೊಲೊ ಹೇಳಾಕ ಬರ್ತೈತೋ ಅಷ್ಟೂ ಹೇಳೇನ್ರಿ ಅಕ್ಕಾರ. ಹುಡುಗ ಕಂಪನ್ಯಾಗ ಅದಾನಂತಲ್ಲ. ಇಂಥಾ ಬೀಗತನ ಬಿಡಬಾರದು."

"ಯಾವ ಬೀಗತನಾ ರಿ? ಅದು ನೌಕರಿ ಫೋನು!"

ಆ ಕಡೆ ಎಮ್ಮೆಯೊಂದು ಒದರಿತು. "ನೌಕರಿ? ಮತ್ತ ಹುಡುಗಿ ಸ್ವಭಾವ ಹೆಂಗ ಅಂತ್ಯಾಕ ಕೇಳಿದಾ ಅಂವ? ಸ್ವಭಾವ ಕೇಳವರು ಕನ್ಯಾ ನೋಡವರಲ್ರಿ?"

"ಆದರೂ ಡೇರಿ ಲೆಕ್ಕ ನೋಡೂದಿಲ್ಲ ಅಂತ ಸುಳ್ಳ ಯಾಕ್ರಿ?"

"ಖರೆ ಹೇಳಿದ್ರ ಆಕೀನ್ನ ಯಾರ ಮಾಡ್ಕೋತಾರ್ರಿ ಅಕ್ಕಾರ? ಊರ ಮಂದಿ ಹಾಲಿನ್ಯಾಗ ನೀರ ಹಿಡಿಯೂ ಹುಡುಗೀನ್ನ!"

"ಈಗಿಂದೀಗ ಅವರಿಗೆ ಫೋನ್ ಮಾಡಿ ಖರೆ ಹೇಳ್ರಿ. ಎಲ್ಲಾ ಹೇಳ್ರಿ."

"ಎಲ್ಲಾ?"

"ಎಲ್ಲಾ!"

"ನೋಡ್ರಿ ಮತ್ತ. ಆಮ್ಯಾಲೆ ನನಗನಬ್ಯಾಡ್ರಿ."

ಗುಳಿಗೆ ನುಂಗಿ, ನೀರು ಕುಡಿದು, ಕೈಯಲ್ಲಿ ಫೋನ್ ಹಿಡಿದು ಕೂತೆ. ಹುಡುಗಿ ಕೂರಲಿಲ್ಲ. ಕೊನೆಗೆ ಸಾಹೇಬರ ಫೋನು ಬಂತು. ಅವರಿಗೆ ನಗುವಿನಿಂದ ಮಾತೇ ಹೊರಡುತ್ತಿರಲಿಲ್ಲ.

"ಕಾಕಾ ಮಾತಾಡಿದ್ರು ಮೇಡಂ. 'ಸಾಹೇಬ್ರ, ಮೊದಲ ಹೇಳಿದ್ದು ಬೀಗರಿಗೆ ಹೇಳೂದು, ಈಗ ಖರೆ ಕೇಳ್ರಿ' ಅಂದ್ರು. 'ಈ ಹುಡುಗಿ ಮಾತಿಗಿ ನಿಂತಳಂದ್ರ ಡೇರಿ ಮುಂದ ಮಲಗಿದ ನಾಯಿ ಸೈತ ಎದ್ದ ಹೋಗ್ತೈತಿ. ಚೇರಮನ್ನರ ಹಾಲು ವಾಪಸ್ ಕಳಿಸ್ಯಾಳ. ನನ್ನ ಹೆಂಡತಿ ತಂದ ಹಾಲಿನ್ಯಾಗ ನೀರೈತಿ ಅಂತ ಎಲ್ಲಾರ ಮುಂದ ಅಂದ್ಲು, ಆವತ್ತ ನನಗ ಮನ್ಯಾಗ ಊಟಾ ಸಿಗಲಿಲ್ಲ. ಲೆಕ್ಕದಾಗ ಹತ್ತ ಪೈಸಾ ಹೆಚ್ಚುಕಡಿಮಿ ಬಂದ್ರ ಡೇರಿ ಬಾಗಲಾ ಹಾಕಾಕ ಕೊಡೂದಿಲ್ಲ. ಮತ್ತ ರೊಟ್ಟಿ ಬಗ್ಗೆ ಹೇಳಿದ್ದನ್ನೂ ವಾಪಸ್ ತಗೋತೇನ್ರಿ. ಒಮ್ಮೆ ನಮ್ಮ ಮನಿಗಿ ಕೊಟ್ಟಿದ್ಲು, ಮಜ್ಜಿಗ್ಯಾಗ ನೆನಿ ಇಟ್ಟು ತಿಂದೇವಿ.'"

"ಮತ್ತ?" ಎಂದೆ.

"ಮತ್ತೇನ್ರಿ? ಅಕೌಂಟ್ಸ್‌ಗೆ ಇಂಥಾಕೀನ್ನ ಎಲ್ಲೆಲ್ಲೋ ಹುಡುಕಾಕತ್ತಿದ್ದಿವಿ. ಸೋಮವಾರ ಮುಂಜಾನೆ ಇಂಟರ್‌ವ್ಯೂಕ್ಕ ಕಳಸ್ರಿ."

"ಸೋಮವಾರ!" ಎಂದು ನಾನು ಬಾಗಿಲ ಕಡೆ ನೋಡಿ ಕೂಗಿದೆ. ಹುಡುಗಿ ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ, ಕರದಾರ. ಸೋಮವಾರ ಬರವರಿಗೆ ಬ್ಯಾಡ ಅಂತ ಹೇಳು." ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ನಾಯಿ ಎದ್ದು ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ನಾನು ಫೋನ್ ಇಡಬೇಕು ಅನ್ನುವಷ್ಟರಲ್ಲಿ ಸಾಹೇಬರು ಕೆಮ್ಮಿದರು. "ಮೇಡಂ, ಇನ್ನೊಂದ ಮಾತಿತ್ರಿ. ಸ್ವಲ್ಪ ಮನಿದು."

"ಹೇಳ್ರಿ."

"ನನ್ನ ತಂಗಿ ಹುಕ್ಕೇರಿ ಕೋರ್ಟಿನ್ಯಾಗ ವಕೀಲಕಿ ಮಾಡ್ತಾಳ್ರಿ. ಬಾಯಿ ಭಾಳ ಜೋರು. ಮುಂದಿನ ವಾರ ಬೀಗರ ಕಡಿಯವರು ಆಕಿ ಬಗ್ಗೆ ವಿಚಾರಸಾಕ ಬರ್ತಾರ. ಕೌಜಲಗಿ ಕಾಕಾನ ನಂಬರ್ ಅವರಿಗೆ ಕೊಡೂಣು ಅಂತ ಮಾಡೇನಿ. ನೀವು ಕಾಕಾಗ ಒಂದ ಮಾತ ತಿಳಿಸಿ ಹೇಳ್ರಿ, ಮೊದಲನೇ ಫೋನಿನ್ಯಾಗ ಹೇಳಿದ್ದ ಹೇಳಲಿ, ಎರಡನೇದು ಬ್ಯಾಡ."