ಹೊತ್ತು ಮುಳುಗುವ ಮೊದಲು ಬಿಡುವ ಕಾಲೇಜು

ಮಕ್ಕಳಿಗೆ ಕಾಲೇಜು ಹುಡುಕುವಾಗ ತಿಳಿದವರು ಏನೇನು ನೋಡುತ್ತಾರೆಂದು ನನಗೂ ಗೊತ್ತು. ಫಲಿತಾಂಶ ನೋಡುತ್ತಾರೆ, ಪಾಠ ಹೇಳುವವರು ಹೇಗೆಂದು ವಿಚಾರಿಸುತ್ತಾರೆ, ಕಟ್ಟಡಕ್ಕೆ ಸುಣ್ಣ ಬಳಿಸಿ ಎಷ್ಟು ವರ್ಷವಾಯಿತೆಂದು ಅಂದಾಜು ಹಾಕುವವರೂ ಇದ್ದಾರೆ. ನಾನು ಮಾತ್ರ ಸೂರ್ಯನನ್ನು ನೋಡಿದೆ. ನನ್ನ ಮಗಳು ತ್ರಿಶಲಾ ಪಿ.ಯು.ಸಿ. ಕಾಮರ್ಸ್ ಮುಗಿಸಿದ ಆ ಜೂನ್ ತಿಂಗಳಲ್ಲಿ ಸಂಜೆಯಾದರೆ ಸಾಕು, ನನ್ನ ಕತ್ತು ಪಡುವಣಕ್ಕೆ ತಿರುಗಿರುತ್ತಿತ್ತು.

ಕಾರಣ ಇಷ್ಟೇ. ಶೇಡಬಾಳದ ನಮ್ಮ ಜೈನ ಮನೆಯಲ್ಲಿ ನನ್ನ ಅವ್ವ ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ. ತ್ರಿಶಲಾ ಚಿಕ್ಕವಳಿದ್ದಾಗ ಅಜ್ಜಿಯ, ಅವಳ ಬಾಯಲ್ಲಿ ಆಯಿಯ, ತಾಟಿನ ಪಕ್ಕ ತನ್ನ ಪುಟ್ಟ ತಾಟು ಇಟ್ಟುಕೊಂಡು ಕೂರುತ್ತಿದ್ದಳು. ಬೆಳೆದ ಮೇಲೆ ತಾನಾಗಿಯೇ ಆ ನೇಮ ಹಿಡಿದಳು, ಯಾರೂ ಒತ್ತಾಯ ಮಾಡಿದ್ದಲ್ಲ. ನನ್ನ ಮಾತು ಬೇರೆ. ನನ್ನದು ಬೀಜ-ಗೊಬ್ಬರದ ಅಂಗಡಿ. ರೈತರು ಬರುವುದೇ ದೀಪ ಹಚ್ಚುವ ಹೊತ್ತಿಗೆ. ಅವರನ್ನು ಕಳಿಸಿ, ಕತ್ತಲಾದ ಮೇಲೆ ಮನೆಗೆ ಬಂದು ಬಿಸಿ ರೊಟ್ಟಿ, ಜುಣಕ ಹೊಡೆಯುವ ನಾನು ತಿದ್ದಿಕೊಂಡೇನೆಂಬ ಆಸೆಯನ್ನು ಅವ್ವ ಎಂದೋ ಬಿಟ್ಟಿದ್ದಳು.

ತ್ರಿಶಲಾಗೆ ನಿಪ್ಪಾಣಿಯ ಕಾಲೇಜೊಂದರಲ್ಲಿ ಹೊಸದಾಗಿ ಬಂದ ಬಿ.ಬಿ.ಎ. ಓದಬೇಕಿತ್ತು. ನಿಪ್ಪಾಣಿ ಎಂದರೆ ಹಾಸ್ಟೆಲ್ಲೇ ಗತಿ.

"ವ್ಯಾಪಾರ ಹೆಂಗ ಮಾಡಬೇಕು ಅನ್ನೂದನ್ನ ಕಲಸ್ತಾರಂತ್ರಿ ಅಪ್ಪಾ," ಎಂದಳು.

"ಅದನ್ನ ನಾನ ಕಲಸ್ತೀನಲ್ಲವಾ. ಅಂಗಡ್ಯಾಗ ಬಂದು ಕುಂದರು."

"ನಿಮ್ಮ ಅಂಗಡ್ಯಾಗ ಕುಂತ ಮ್ಯಾಲೇನ ಹೊರಗ ಹೋಗಿ ಕಲೀಬೇಕು ಅನಿಸೇತ್ರಿ."

ಅವಳ ತಾಯಿ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಉಪಾಯವಿಲ್ಲದೆ ನಾನು ಧರ್ಮವನ್ನು ಹಿಡಿದುಕೊಂಡೆ. "ಹಾಸ್ಟೆಲ್ಲಿನ್ಯಾಗ ರಾತ್ರಿ ಎಂಟಕ್ಕ ಊಟ. ನಿನ್ನ ನೇಮ ಏನಾಗಬೇಕು? ಅಥಣ್ಯಾಗ ಬಿ.ಕಾಂ. ಮಾಡು. ದಿನಾ ಮನಿಗೆ ಬಂದು ಆಯಿ ಜೋಡಿ ಉಣ್ಣು." ಬೆಂಬಲ ಸಿಕ್ಕೀತೆಂದು ಅವ್ವನ ಕಡೆ ನೋಡಿದೆ. ಅವ್ವ ಜಪಮಾಲೆ ತಿರುಗಿಸುತ್ತ ಕೂತಿದ್ದಳು. ಧರ್ಮದ ವಿಷಯದಲ್ಲಿ ನನ್ನ ಮಾತನ್ನು ಅವಳು ಎಂದೂ ಕಿವಿಗೆ ಹಾಕಿಕೊಂಡವಳಲ್ಲ.

ಮರುದಿನವೇ ಅಥಣಿಗೆ ಹೋದೆ. ಕಾಲೇಜಿನ ಪ್ರಾಚಾರ್ಯರು ಸಜ್ಜನರು. ಕುರ್ಚಿ ಕೊಟ್ಟು, ಚಹಾ ತರಿಸಿದರು. ನಾನು ನೇರವಾಗಿ ವಿಷಯಕ್ಕೆ ಬಂದೆ. "ಸಂಜಿಕೆ ಕಾಲೇಜು ಎಷ್ಟಕ್ಕ ಬಿಡತೈತ್ರಿ, ಸರ?"

ಅವರು ಕನ್ನಡಕ ತೆಗೆದರು. "ಬಂದವ್ರೆಲ್ಲ ಫೀ ಎಷ್ಟು, ಎಷ್ಟು ಮಂದಿ ಪಾಸಾಗ್ಯಾರ ಅಂತ ಕೇಳ್ತಾರ್ರಿ. ನೀವು ಹುಡುಗಿನ್ನ ಸೇರಿಸೂಕಿಂತ ಮೊದಲ ಬಿಡೂದನ್ನ ಕೇಳಾಕತ್ತೀರಲ್ಲ!"

ನಾಚಿಕೆಯಾಯಿತು, ಆದರೂ ಹೊತ್ತು ಕೇಳಿಕೊಂಡೇ ಎದ್ದೆ. ಅಷ್ಟಕ್ಕೇ ಬಿಡಲಿಲ್ಲ. ಕಾಲೇಜು ಬಿಟ್ಟ ಮೇಲೆ ಹುಡುಗರೆಲ್ಲ ಹತ್ತುವ ಬಸ್ಸನ್ನೇ ಹತ್ತಿ, ಅವರ ನಡುವೆ ಜೋತುಬಿದ್ದು ಊರಿಗೆ ಬಂದೆ. ಮನೆ ಮುಟ್ಟಿದಾಗ ಅಂಗಳದ ತುಂಬ ಬಿಸಿಲು! ಗೆದ್ದ ಪೈಲ್ವಾನನ ಹಾಗೆ ಮಗಳನ್ನು ಹೊರಗೆ ಕರೆದು, "ನೋಡವಾ, ಹೊತ್ತು ಇನ್ನೂ ಎಷ್ಟು ಮ್ಯಾಲೈತಿ!" ಎಂದು ಕೈ ಎತ್ತಿ ತೋರಿಸಿದೆ.

ತ್ರಿಶಲಾ ನೋಡಿದಳು. ನನ್ನ ಮೇಲೆ ಕನಿಕರ ಬಂತೇನೋ, ಮೆಲ್ಲಗೆ ಹೇಳಿದಳು. "ಅಪ್ಪಾ, ಇದು ಜೂನ್ ತಿಂಗಳ್ರಿ. ದೀಪಾವಳಿ ಆದ ಮ್ಯಾಲ ಆರಕ್ಕ ಹೊತ್ತು ಮುಳಗತೈತಿ. ಆವಾಗ ಉಗಾರದ ಸಕ್ಕರಿ ಫ್ಯಾಕ್ಟರಿ ಚಾಲೂ ಇರತೈತಿ. ರಸ್ತೆ ತುಂಬ ಕಬ್ಬಿನ ಗಾಡಿ. ನಿಮ್ಮ ಬಸ್ಸು ಎತ್ತಿನ ಬೆನ್ನ ಹಿಂದ ಬರತೈತ್ರಿ."

ಇಡೀ ವರ್ಷ ಕಬ್ಬಿನವರಿಗೆ ಗೊಬ್ಬರ ಮಾರುವವನು ನಾನು. ಆ ಗಾಡಿಗಳು ನನ್ನ ಅಂಗಡಿಯ ಮುಂದೆಯೇ ಹೋಗುತ್ತವೆ. ಅದು ನನಗೇ ಹೊಳೆಯಲಿಲ್ಲವಲ್ಲ! ಆದರೂ ಸೋಲು ಒಪ್ಪಲಿಲ್ಲ. "ಹಂಗಾದ್ರ ನಿಪ್ಪಾಣಿ ಹಾಸ್ಟೆಲ್ಲಿನ್ಯಾಗ ಸೂರ್ಯ ಏನ್ ಎಂಟರ ಮಟಾ ಕಾಯತಾನೇನು?" ಎಂದೆ.

"ಹೋಗಿ ಕೇಳೂಣಲ್ರಿ," ಎಂದಳು.

ಹೋದೆವು. ಹಾಸ್ಟೆಲ್ಲಿನ ಅಡಿಗೆಮನೆಯಲ್ಲಿ ಒಬ್ಬ ಹೆಣ್ಣುಮಗಳು ಮೆಂತ್ಯೆಯ ಸೊಪ್ಪು ಸೋಸುತ್ತಿದ್ದಳು. ನಮ್ಮ ನೇಮದ ಮಾತನ್ನು ನಾನು ದೊಡ್ಡ ಪೀಠಿಕೆ ಹಾಕಿ ಶುರು ಮಾಡಿದೆ. ಅವಳು ಅರ್ಧಕ್ಕೇ ತಡೆದಳು. "ಹೊತ್ತು ಮುಳುಗೂದ್ರಾಗ ಉಣ್ಣಾವ್ರೇನ್ರಿ? ಅಂಥ ಹುಡಿಗ್ಯಾರು ಮತ್ತಷ್ಟು ಮಂದಿ ಅದಾರ್ರಿ. ಅವ್ರಿಗೆ ಮೊದಲ ಬಡಸ್ತೀವಿ. ಬಿಡ್ರಿ ಚಿಂತಿ."

ಬಿಡಲಿಕ್ಕೆ ನನಗೆ ಆ ಚಿಂತೆಯೊಂದೇ ಇತ್ತೇ? ಹೇಳಲು ಇನ್ನೊಂದು ಕಾರಣವೂ ಉಳಿಯಲಿಲ್ಲ. "ಪಲ್ಯಾ ಭಾಳ ಖಾರ ಮಾಡ್ತೀರೇನ್ರಿ?" ಎಂದು ಕೇಳಿದೆ. ತ್ರಿಶಲಾ ನನ್ನ ತೋಳು ಹಿಡಿದು ಆಫೀಸಿನ ಕಡೆ ನಡೆಸಿಕೊಂಡು ಹೋದಳು. ಅಂದೇ ಪ್ರವೇಶ ಮುಗಿಯಿತು.

ಕಾಲೇಜು ಶುರುವಾಗುವ ದಿನ ಟ್ರಂಕು, ಹಾಸಿಗೆ ಸಮೇತ ಬಿಟ್ಟು ಬಂದೆ. ಗೇಟಿನೊಳಗೆ ಹೋಗುವಾಗ ಅವಳು ಒಮ್ಮೆ ತಿರುಗಿ ನೋಡಿ ನಕ್ಕಳು, ಮತ್ತೆ ತಿರುಗಲಿಲ್ಲ. ವಾಪಸು ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಪಕ್ಕದವರು ಕಣ್ಣಿಗೆ ಧೂಳು ಹೋಯಿತೇನೋ ಎಂದು ಕಿಟಕಿ ಮುಚ್ಚಿದರು.

ಮನೆಗೆ ಬಂದಾಗ ಕತ್ತಲಾಗಿತ್ತು. ನನ್ನವಳು ರೊಟ್ಟಿ ಬಡಿಸಿದಳು. ಕೂತೆ, ತುತ್ತು ಮುರಿದೆ, ಬಾಯಿಗೆ ಒಯ್ಯಲಾಗಲಿಲ್ಲ. ಅವ್ವ ನೋಡುತ್ತಿದ್ದಳು. ಏನಾದರೂ ಹೇಳಬೇಕಲ್ಲ! "ಹೊತ್ತು ಮುಳುಗೇತಿ, ಒಲ್ಲೆ," ಎಂದು ಎದ್ದುಬಿಟ್ಟೆ.

ಅವ್ವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಬೆಳಗಾಗುವುದೇ ತಡ, ಬಸದಿಯಲ್ಲಿ ಕಂಡ ಕಂಡವರಿಗೆಲ್ಲ, "ನಮ್ಮಾಂವ ರಾತ್ರಿ ಉಣ್ಣೂದ ಬಿಟ್ಟಾನ್ರಿ," ಎಂದು ಹೇಳಿಕೊಂಡು ಬಂದಳು. ಈಗ ಸಂಜೆಗೆ ಐದೂವರೆಯಾದರೆ ಅಂಗಡಿಗೇ ನನ್ನ ಬುತ್ತಿ ಬರುತ್ತದೆ. ಗಿರಾಕಿಗಳು ಗೌರವದಿಂದ ಪಕ್ಕಕ್ಕೆ ನಿಂತು ಕಾಯುತ್ತಾರೆ, ನಾನು ಧರ್ಮಿಷ್ಠನೆಂದು. ನಿಜ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಒಂಬತ್ತಕ್ಕೆ ಹಸಿವು ಮಾತ್ರ ತಪ್ಪದೆ ಬರುತ್ತದೆ.