ಹತ್ತಕ್ಕೆ ಎಷ್ಟು ನೋವು?

ಬೀದರದಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ನಾನು ನೋವಿನ ಪಾಠ ಹೇಳುತ್ತೇನೆ. ಪಾಠದ ತಿರುಳು ಇಷ್ಟೇ: ನೋವು ಯಾರಿಗಿದೆಯೋ ಅವರನ್ನೇ ಕೇಳಿ, ಅವರು ಹೇಳಿದ್ದನ್ನು ನಂಬಿ. ಇಷ್ಟನ್ನು ಕಲಿಸುವಷ್ಟರಲ್ಲಿ ಪ್ರತಿ ವರ್ಷ ನನ್ನ ಪಿತ್ತ ನೆತ್ತಿಗೇರುತ್ತದೆ.

೧. ಮುಲಾಮು

"ಪೆಟ್ಟು ಕಾಲಿಗೆ ಬಿದ್ದರೂ ನೋವು ತಿಳಿಯುವುದು ಮೆದುಳಿಗೆ" ಎಂದು ಬೋರ್ಡಿನ ಮೇಲೆ ನರಗಳನ್ನೆಲ್ಲ ಬರೆದು ಗಂಟಲು ಹರಿದುಕೊಂಡೆ. ಮರುದಿನ ಒಬ್ಬಳು ವಾರ್ಡಿಗೆ ಹೋಗಿ, ಮೊಣಕಾಲು ಹಿಡಿದು ನರಳುತ್ತಿದ್ದ ಜನವಾಡದ ಅಜ್ಜನಿಗೆ "ಕಾಲಾಗ ಏನೂ ಇಲ್ಲರಿ, ಎಲ್ಲಾ ನಿಮ್ಮ ತಲ್ಯಾಗ ಅದ" ಅಂದಳು!

ಅಜ್ಜನ ಮಗ ಸೀದಾ ನನ್ನ ಹತ್ತಿರ ಬಂದ. "ಯಾಕ್ರಿ ಮೇಡಂ, ನಮ್ಮಪ್ಪಗ ಹುಚ್ಚ ಅನ್ನೂದು ಕಲಿಸ್ತೀರೇನ್ರಿ?"

ಅರ್ಧ ಗಂಟೆ ಚಿತ್ರ ತೋರಿಸಿ ತಿಳಿಹೇಳಿದೆ. ಎಲ್ಲ ಕೇಳಿ, ಎದ್ದು ಹೊರಡುತ್ತ ಅಂದ: "ತಿಳೀತ್ರಿ. ಹಂಗಾರ ಮೊಣಕಾಲಿಗಿ ಕೊಟ್ಟ ಮುಲಾಮ ತಲಿಗಿ ಹಚ್ಚಬೇಕಲ್ರಿ?"

೨. ಹನ್ನೆರಡಾಣೆ

ಔರಾದ ಕಡೆಯ ಹಳ್ಳಿಯಲ್ಲಿ ಶಿಬಿರ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಬೇಕು. ಕುರಿ ಸಾಕುವ ಹಿರಿಯರೊಬ್ಬರು ಹೆಗಲು ಹಿಡಿದು, "ರೂಪಾಯಿದಾಗ ಹನ್ನೆರಡಾಣಿ ಬ್ಯಾನಿ ಅದ ನೋಡವ್ವ" ಅಂದರು. ನಮ್ಮ ಕಡೆಯ ಹಳಬರು ನೋವು ಅಳೆಯುವುದೇ ಹಾಗೆ. ಹದಿನಾರಾಣೆ, ಅಂದರೆ ಪೂರ್ತಿ ರೂಪಾಯಿ, ಆದರೆ ತಡೆಯಲಾರದ್ದು. ನಮ್ಮ ಹುಡುಗಿ 'ಹತ್ತಕ್ಕೆ ಹನ್ನೆರಡು' ಎಂದು ಬರೆದಳು.

"ಹತ್ತಕ್ಕ ಹನ್ನೆರಡು ಹ್ಯಾಂಗ ಬರ್ತದ?" ಎಂದು ಗದರಿದೆ.

"ಪೇಷಂಟ್ ಹೇಳಿದ್ದು ನಂಬಬೇಕಂತ ನೀವೇ ಹೇಳೀರಲ್ರಿ!"

೩. ಒಂದೂವರೆ

ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ಸಿಸೇರಿಯನ್ ಆದ ಬಾಣಂತಿ. "ಅಕ್ಕ, ಬ್ಯಾನಿ ಎಷ್ಟದರಿ?" ಎಂದು ವಿದ್ಯಾರ್ಥಿನಿ ಕೇಳಿದರೆ, ಅತ್ತೆ "ಎರಡು" ಅಂದಳು. ಗಂಡ "ಒಂದು ಬರೀರಿ, ಎಲ್ಲರಿಗೂ ಆಗೋದೇ ಅದ" ಅಂದ. ನಮ್ಮ ಹುಡುಗಿ ಇಬ್ಬರಿಗೂ ಬೇಜಾರಾಗಬಾರದೆಂದು ಒಂದೂವರೆ ಬರೆದಳು!

ಬಾಣಂತಿ ಮಾತ್ರ ತುಟಿ ಕಚ್ಚಿ ಮಲಗಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ, ಗಂಡ ಇಬ್ಬರನ್ನೂ ವಾರ್ಡಿನಿಂದ ಹೊರಗೆ ಕಳಿಸಿ ಅವಳನ್ನೇ ಕೇಳಿದೆ. "ಒಂಬತ್ತು ಅದರಿ" ಅಂದವಳೇ ಅತ್ತುಬಿಟ್ಟಳು. ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಕೊಡಿಸಿದೆ.

ಅತ್ತೆಗೆ ಚೆನ್ನಾಗಿ ಬಿಸಿ ಮುಟ್ಟಿಸಬೇಕೆಂದೇ ಹೊರಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಹಿಡಿದಳು. "ಮೇಡಂರಿ, ನನ್ನ ಟೊಂಕದ ಬ್ಯಾನಿನೂ ಬರಕೋರಿ. ನಾಕು ಹಡದೀನಿ, ಇವತ್ತಿನ ತನಕ ಯಾರೂ ಕೇಳಿಲ್ಲ."

ಇನ್ನು ಯಾರನ್ನು ಬೈಯಲಿ? ಪೆನ್ನು ತೆಗೆದು "ಎಷ್ಟದರಿ?" ಎಂದೆ.

"ಅವ್ವಗ ಎರಡು ಬರೀರಿ" ಅಂದ, ಹಿಂದೆ ನಿಂತಿದ್ದ ಮಗ.

ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಮೊದಲ ಇವಗ ದವಾಖಾನಿ ಹೊರಗ ಹಾಕ್ರಿ ಮೇಡಂ, ಆಮ್ಯಾಲ ಹೇಳ್ತೇನಿ."