ಜರ್ಮನಿಯ ಪಿಟೀಲಿಗೆ ಕಾಪುವಿನ ಮಂಗಳ

"ಜನ ಕೂರಿಸುವ ಕೆಲಸ ನನಗೆ ಬಿಡಿ" ಎಂದು ನಾನು ನಮ್ಮ ಮನೆಯವರಿಗೆ ಹೇಳಿದ್ದು ದೇವರ ಕೋಣೆಯಲ್ಲಿ, ಉರಿಯುವ ದೀಪದ ಎದುರು. ಆದ್ದರಿಂದ ಆ ಮಾತಿನಲ್ಲಿ ಅಹಂಕಾರ ಇರಲಿಲ್ಲ ಎಂದೇ ಇವತ್ತಿಗೂ ನನ್ನ ನಂಬಿಕೆ.

ನಮ್ಮವರು ಕಾಪುವಿನಲ್ಲಿ ಶಾಲೆ ಮಾಷ್ಟ್ರು. ಅದು ಸಾಲದೆಂದು ಉಡುಪಿಯ ಒಂದು ಸಂಗೀತ ಸಂಘಕ್ಕೆ ಕಾರ್ಯದರ್ಶಿ ಬೇರೆ. ಹಿಂದಿನ ವರ್ಷ ಅವರು ದೂರದ ಊರಿನಿಂದ ಒಬ್ಬ ದೊಡ್ಡ ವಿದ್ವಾಂಸರನ್ನು ಕರೆಸಿದ್ದರು. ಆಲಾಪನೆ ಮುಗಿಯುವುದರೊಳಗೆ ಅರ್ಧ ಸಭೆ ಬಸ್ಸಿಗೆ ಓಡಿತ್ತು. ಪಾಪ, ವಿದ್ವಾಂಸರು ಕಣ್ಣು ತೆರೆದು ನೋಡುವಾಗ ಕಂಡದ್ದು ಖಾಲಿ ಬೆಂಚುಗಳು. ನಮ್ಮವರು ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ.

ಈ ವರ್ಷ ಜರ್ಮನಿಯಿಂದ ನಾಲ್ಕು ಮಂದಿ ಪಿಟೀಲಿನವರು ಮಣಿಪಾಲಕ್ಕೆ ಬರುವವರಿದ್ದರು.

"ಈ ಸಲವೂ ಜನ ಮಧ್ಯದಲ್ಲಿ ಎದ್ದು ಹೋದರೆ ಸಂಘ ಬಿಟ್ಟೇ ಬಿಡ್ತೇನೆ. ಪರದೇಶದವರ ಮುಂದೆ ನಮ್ಮ ಊರಿನ ಮರ್ಯಾದೆ ಉಂಟು" ಎಂದರು.

"ನಮ್ಮ ಭಜನಾ ಮಂಡಳಿಯ ಹೆಂಗಸರು ಮಧ್ಯದಲ್ಲಿ ಎದ್ದದ್ದು ನೋಡಿದ್ದೀರಾ? ಮಂಗಳ ಆಗುವವರೆಗೆ ಒಂದು ಮಗು ಸಹ ಅಲುಗಾಡುವುದಿಲ್ಲ."

"ಅದು ಹೌದು" ಎಂದು ಒಪ್ಪಿದರು. ಒಪ್ಪಿದ್ದು ಅವರ ತಪ್ಪು.

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಬಾಡಿಗೆ ಬಸ್ಸಿನಲ್ಲಿ ಇಡೀ ಮಂಡಳಿಯನ್ನು ತುಂಬಿಸಿಕೊಂಡು ಹೊರಟೆ. ಪಕ್ಕದ ಮನೆಯ ಲಿಲ್ಲಿಬಾಯಿಯೂ ಬಂದರು. ಅವರ ಇಗರ್ಜಿಯಲ್ಲಿ ಯಾರೋ ಪಿಟೀಲು ಬಾರಿಸುವುದರಿಂದ ಅವರನ್ನು ನಾವು ಪಿಟೀಲಿನ ಪಂಡಿತೆ ಎಂದೇ ಲೆಕ್ಕ ಹಾಕಿದ್ದೆವು. ನನ್ನ ಮಡಿಲಲ್ಲಿ ಒಂದು ಡಬ್ಬಿ ಪ್ರಸಾದದ ಪಂಚಕಜ್ಜಾಯ. ಉದ್ಯಾವರ ದಾಟುವಾಗ ಎಲ್ಲರಿಗೂ ಗಟ್ಟಿ ಸ್ವರದಲ್ಲಿ ಕಾನೂನು ಓದಿ ಹೇಳಿದೆ: ಮಾತಾಡಬಾರದು, ಕೈತಾಳ ಹಾಕಬಾರದು, ಮಂಗಳಕ್ಕೆ ಮೊದಲು ಏಳಬಾರದು.

ಸಭಾಂಗಣದಲ್ಲಿ ಮೊದಲ ಸಾಲು ದೊಡ್ಡ ಮನುಷ್ಯರಿಗೆ, ಎರಡನೆಯದರಿಂದ ಹಿಂದಕ್ಕೆ ನಮಗೆ. ನಾಲ್ವರೂ ಕಪ್ಪು ಕೋಟು ಹಾಕಿಕೊಂಡು ಬಂದು ಬಾಗಿದರು. ಇಬ್ಬರ ಕೈಯಲ್ಲಿ ಮಾಮೂಲಿ ಪಿಟೀಲು, ಒಬ್ಬರದು ಸ್ವಲ್ಪ ದೊಡ್ಡದು, ಕೊನೆಯ ಹುಡುಗಪ್ರಾಯದವನ ಮೊಣಕಾಲುಗಳ ನಡುವೆ ಶಾಲೆಗೆ ಹೋಗುವ ಮಗುವಿನಷ್ಟು ಎತ್ತರದ್ದು. ಎದುರಿಗೆ ಪುಸ್ತಕ ಬೇರೆ. ಪುಸ್ತಕ ನೋಡಿ ಭಜನೆ ಮಾಡುವವರೆಂದರೆ ನಮ್ಮ ಮಂಡಳಿಯ ಸುಂದರಿಯಕ್ಕನಿಗೆ ಮೊದಲೇ ಸಸಾರ.

"ಇಷ್ಟು ದೂರ ಬಂದಿದ್ದಾರೆ, ಬಾಯಿಪಾಠ ಮಾಡಿಕೊಂಡು ಬರಬಾರದಾ?" ಎಂದರು.

"ಶ್!" ಎಂದೆ. ಕಾನೂನು ಕಾನೂನೇ.

ಬಾರಿಸಿದರು ನೋಡಿ. ಆ ದೊಡ್ಡ ಪಿಟೀಲಿನ ಸ್ವರ ಕೇಳಿದ ಕೂಡಲೇ ನನಗೆ, ಚಿಕ್ಕಂದಿನಲ್ಲಿ ಮುಚ್ಚಿದ ಬಾಗಿಲಿನ ಆಚೆಯಿಂದ ಕೇಳುತ್ತಿದ್ದ ಅಪ್ಪಯ್ಯನ ಬೆಳಗಿನ ಮಂತ್ರ ನೆನಪಾಯಿತು. ಶಬ್ದ ತಿಳಿಯುತ್ತಿರಲಿಲ್ಲ, ಮನೆಯಲ್ಲಿ ಅಪ್ಪ ಇದ್ದಾರೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಕಣ್ಣು ಒದ್ದೆಯಾಯಿತು. ಸಂಗೀತ ಅರ್ಥವಾಯಿತೇ ಎಂದು ಕೇಳಬೇಡಿ. ದೇವರ ಮುಂದೆ ಕೂತಾಗಲೂ ನನಗೆ ಎಲ್ಲ ಅರ್ಥವಾಗುವುದಿಲ್ಲ. ಹಾಗೆಂದು ಎದ್ದು ಬರುತ್ತೇನೆಯೇ?

ಐದೂವರೆಯ ಹೊತ್ತಿಗೆ ನಾಲ್ವರೂ ಎದ್ದು ಬಾಗಿದರು. ಸಭೆ ಚಪ್ಪಾಳೆ ತಟ್ಟಿತು. ಅವರು ಒಳಗೆ ಹೋದರು.

"ಮುಗೀತು ಕಾಣ್ತದೆ" ಎಂದು ಲಿಲ್ಲಿಬಾಯಿ ಚೀಲ ಎತ್ತಿಕೊಂಡರು.

"ಮುಗಿಯುವುದು ಹೇಗೆ? ಮಂಗಳ ಎಲ್ಲಿ ಆಯ್ತು?"

"ಅವರಲ್ಲಿ ಮಂಗಳ ಇಲ್ಲವೋ ಏನೋ."

"ನಿಮ್ಮ ಇಗರ್ಜಿಯಲ್ಲಿ ಪೂಜೆ ಮುಗಿದದ್ದು ಹೇಗೆ ಗೊತ್ತಾಗ್ತದೆ?"

"ಪಾದ್ರಿಗಳು ಆಶೀರ್ವಾದ ಮಾಡಿದ ಮೇಲೆ."

"ಇಲ್ಲಿ ಯಾರಾದರೂ ಆಶೀರ್ವಾದ ಮಾಡಿದ್ರಾ?"

ಲಿಲ್ಲಿಬಾಯಿ ಯೋಚಿಸಿ, ಚೀಲ ಕೆಳಗಿಟ್ಟು ಕುಳಿತರು. ಮೊದಲ ಸಾಲಿನಲ್ಲಿದ್ದ ಊರಿನ ದೊಡ್ಡ ಡಾಕ್ಟರರೊಬ್ಬರು ಅರ್ಧ ಎದ್ದು ಹಿಂದೆ ತಿರುಗಿ ನೋಡಿದರು. ಹಿಂದೆ ಸಾಲು ಸಾಲು ಹೆಂಗಸರು ಕೈಮುಗಿದು ಅಲುಗಾಡದೆ ಕೂತಿದ್ದಾರೆ. ಇದು ಜರ್ಮನಿಯ ಕ್ರಮವಿರಬೇಕೆಂದು ಅವರೂ ಕುಳಿತುಬಿಟ್ಟರು. ಡಾಕ್ಟರರು ಕುಳಿತ ಮೇಲೆ ಉಡುಪಿಯಲ್ಲಿ ಇನ್ನು ಯಾರು ಏಳುತ್ತಾರೆ?

ಪರದೆಯ ಸಂದಿಯಿಂದ ಬಿಳಿಗಡ್ಡದ ಹಿರಿಯ ಪಿಟೀಲಿನವರು ಇಣುಕಿ ನೋಡಿದರು. ಅವರ ಮುಖ ಅರಳಿತು. ನಾಲ್ವರೂ ಓಡಿ ಬಂದು ಇನ್ನೊಂದು ಬಾರಿಸಿದರು. ಬಾಗಿದರು. ಹೋದರು. ನಾವು ಕೂತೆವು. ಮತ್ತೆ ಬಂದರು.

ಅಷ್ಟರಲ್ಲಿ ಬದಿಯ ಬಾಗಿಲಲ್ಲಿ ನಮ್ಮವರು ಕಾಣಿಸಿಕೊಂಡರು. ಎರಡೂ ಅಂಗೈಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ಕಳೆದ ವರ್ಷದ ಭಯ ಇನ್ನೂ ಹೋಗಿಲ್ಲ, 'ಕೂತುಕೊಳ್ಳಿ, ಏಳಬೇಡಿ' ಎಂದು ಬೇಡಿಕೊಳ್ಳುತ್ತಿದ್ದಾರೆ ಎಂದು ನನಗೆ ಕಂಡಿತು. 'ನಾನಿರುವಾಗ ನಿಮಗೆ ಹೆದರಿಕೆ ಬೇಡ' ಎಂದು ತಲೆಯಾಡಿಸಿ ಧೈರ್ಯ ಹೇಳಿದೆ. ಅವರು ತಲೆಗೆ ಕೈ ಹಚ್ಚಿಕೊಂಡರು. ಸಂತೋಷಕ್ಕೆ ಎಂದುಕೊಂಡೆ.

ಅತಿಥಿಗಳಿಗೆ ಮಂಗಳೂರಿನಲ್ಲಿ ದೊಡ್ಡವರೊಬ್ಬರ ಮನೆಯಲ್ಲಿ ಊಟ ಕಾಯುತ್ತಿತ್ತಂತೆ. ಕಾರು ಹೊರಗೆ ನಿಂತಿತ್ತಂತೆ. ನಮಗೆ ಯಾರು ಹೇಳಿದರು?

ಮೂರನೆಯ ಸಲ ಬೆರಳಿನಿಂದಲೇ ತಂತಿ ಮೀಟಿ ಒಂದು ತುಂಟ ಹಾಡು ಬಾರಿಸಿದರು. ಸುಂದರಿಯಕ್ಕ ಕಾನೂನು ಮರೆತು ತೊಡೆಯ ಮೇಲೆ ತಾಳ ಹಾಕಿದರು. ನಾಲ್ಕನೆಯ ಸಲ ಒಂದು ತಂತಿ ಕಡಿಯಿತು, ಕಟ್ಟಿಕೊಂಡು ಬಾರಿಸಿದರು. ಐದನೆಯ ಸಲ ಸುಂದರಿಯಕ್ಕ ನನ್ನ ಕಿವಿಯಲ್ಲಿ, "ಇದು ಮೊದಲು ಬಾರಿಸಿದ್ದೇ ಅಲ್ವಾ? ಪುಸ್ತಕ ಮುಗಿದಿದೆ ಅವರದ್ದು" ಎಂದರು.

ಹೌದು. ದೊಡ್ಡ ಪಿಟೀಲಿನ ಹುಡುಗ ಬೆರಳುಗಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದ. ಹಿರಿಯರ ಕರವಸ್ತ್ರ ಹಿಂಡುವಷ್ಟು ಒದ್ದೆಯಾಗಿತ್ತು. ಆದರೂ ನಮ್ಮನ್ನು ನೋಡಿ ನಗುತ್ತಲೇ ಇದ್ದರು. ನನಗೆ ಆಗ ಸತ್ಯ ಹೊಳೆಯಿತು. ಪಾಪದವರಿಗೆ ಮಂಗಳ ಬರುವುದೇ ಇಲ್ಲ! ಮುಗಿಸಲು ತಿಳಿಯದೆ ಒದ್ದಾಡುತ್ತಿದ್ದಾರೆ. ತಾಯಿಯಿಲ್ಲದ ಊರಲ್ಲಿ ಅವರಿಗೆ ಯಾರು ದಿಕ್ಕು?

ಎದ್ದು ನಿಂತೆ. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮಂಗಳ ಎತ್ತಿದೆ.

ಹಾಡಿನ ಮೊದಲ ಸಾಲು ನಾನೊಬ್ಬಳೇ. ಎರಡನೆಯ ಸಾಲಿಗೆ ಹಿರಿಯರ ಪಿಟೀಲು ಮೆಲ್ಲಗೆ ನನ್ನ ಸ್ವರದ ಹಿಂದೆಯೇ ಬಂದು ಸೇರಿತು. ಆಮೇಲೆ ಇನ್ನೊಂದು. ಆಮೇಲೆ ಅಪ್ಪಯ್ಯನ ಸ್ವರದ ಆ ದೊಡ್ಡದು. ಕಾಪುವಿನ ಮಂದಿರದಲ್ಲಿ ಹಾರ್ಮೋನಿಯಮ್ಮಿನ ಎರಡು ಸ್ವರದ ಮನೆ ಕೆಟ್ಟು ವರ್ಷವಾಗಿತ್ತು. ಅಂಥ ಬಡ ಮಂಗಳಕ್ಕೆ ಜರ್ಮನಿಯ ನಾಲ್ಕು ಪಿಟೀಲು! ದೇವರು ಇದಕ್ಕಿಂತ ಹೆಚ್ಚು ಏನು ಕೊಡಬೇಕು? ಇಡೀ ಸಭೆ ಉಸಿರು ಬಿಗಿಹಿಡಿದು ಕೇಳುತ್ತಿದೆ, ಅಷ್ಟು ನಿಶ್ಶಬ್ದ. ಒಂದು ನುಡಿಯನ್ನೂ ಬಿಡದೆ ಪೂರ್ತಿ ಹಾಡಿದೆ.

ಕಣ್ಣು ತೆರೆದೆ. ಸಭಾಂಗಣ ಖಾಲಿ!

ಡಾಕ್ಟರರಿಲ್ಲ. ದೊಡ್ಡ ಮನುಷ್ಯರಿಲ್ಲ. ನಮ್ಮ ಮಂಡಳಿಯ ಹೆಂಗಸರು ಹೊರಗಿನ ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಮಂಗಳ ಶುರುವಾದ ಮೇಲೆ ಕೂರುವವರು ಯಾರು? ಒಳಗೆ ಉಳಿದದ್ದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಲಿಲ್ಲಿಬಾಯಿ, ಬಾಗಿಲಿಗೆ ಒರಗಿದ್ದ ನಮ್ಮವರು, ಮತ್ತು ವೇದಿಕೆಯ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದ ನಾಲ್ಕು ಜನ. ನಾನು ಪಂಚಕಜ್ಜಾಯದ ಡಬ್ಬಿ ಮುಂದೆ ಹಿಡಿದೆ. ಹಸಿದಿದ್ದರು, ಡಬ್ಬಿ ಬೋಳು ಮಾಡಿದರು. ಹಿರಿಯರು ನಮ್ಮವರ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಲೇ ಇದ್ದರು.

ಬಸ್ಸಿನಲ್ಲಿ ಕೇಳಿದೆ, "ಎಂತ ಹೇಳಿದ್ದು ಅವರು?"

"ಯಾವ ಊರಲ್ಲೂ ನಮ್ಮನ್ನು ಇಷ್ಟು ಪ್ರೀತಿಯಿಂದ ಹಿಡಿದು ಕೂರಿಸಿಕೊಂಡವರಿಲ್ಲ ಅಂತ. ಇನ್ನೊಮ್ಮೆ ಬರ್ತಾರಂತೆ." ಇವರ ಮುಖದಲ್ಲಿ ಒಂದು ವರ್ಷದ ನಂತರ ನಗು ಕಂಡೆ. "ನಾನು 'ಎದ್ದೇಳಿ, ಎದ್ದೇಳಿ' ಅಂತ ಕೈ ಮಾಡಿ ಮಾಡಿ ಭುಜ ನೋವು ಮಾರಾಯ್ತಿ."

ಸಂಘ ಉಳಿಯಿತು, ಮರ್ಯಾದೆ ಉಳಿಯಿತು. ಊಟಕ್ಕೆ ತಡವಾಯಿತೆಂದು ಮಂಗಳೂರಿನವರು ಸಿಟ್ಟಾದರಂತೆ, ಆಗಲಿ.

ಆದರೆ ಅಂದಿನಿಂದ ನಮ್ಮ ಮನೆಗೆ ಬಂದ ನೆಂಟರು ಎರಡನೆಯ ಕಾಫಿಯ ನಂತರವೂ ಏಳದಿದ್ದರೆ, ಇವರು ಅಡುಗೆಮನೆಯತ್ತ ತಿರುಗಿ ಗಂಭೀರವಾಗಿ ಹೇಳುತ್ತಾರೆ: "ಹೋ, ಒಂದು ಹಾಡು ಹೇಳ್ತೀಯಾ?"

ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ನೆಂಟರು ಚಪ್ಪಲಿ ಹುಡುಕುತ್ತಾರೆ.